ಆರು ಚುಕ್ಕಿಗಳ ಮೇಷ್ಟ್ರು ಲೂಯಿ ಬ್ರೈಲ್



ಈ ಸಂಚಿಕೆಗೆ ಒಬ್ಬ ಮಹನೀಯರ ಜೀವನದ ಬಗ್ಗೆ ಬರೆದುಕೊಡು ಎಂದು ಕನ್ನಡ ಮೇಡಂ ಹೇಳಿದಾಗ ನಾನು ಯಾರಾದರೂ ದೊಡ್ಡ ಉದ್ಯಮಿಯ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ವಾಣಿಜ್ಯ ವಿಭಾಗದವಳು ನಾನು, ಅದೇ ಸುಲಭ ಅನ್ನಿಸಿತ್ತು. ಆದರೆ ಅದೇ ವಾರ ನನ್ನಿಂದಲೇ ಒಂದು ತಪ್ಪು ನಡೆದುಹೋಯಿತು. ಅದರಿಂದಾಗಿ ನಾನು ಲೂಯಿ ಬ್ರೈಲ್ ಅವರ ಜೀವನವನ್ನು ಓದಬೇಕಾಯಿತು. ಮೊದಲು ಆ ತಪ್ಪನ್ನೇ ಹೇಳಿಬಿಡುತ್ತೇನೆ.

ನಮ್ಮ ಸಿಇಬಿಎ ತರಗತಿಯ ನಾಲ್ಕು ಜನ ಸೇರಿ ಕಾಲೇಜಿನ ಸೂಚನೆಗಳಿಗಾಗಿ ಒಂದು ಚಿಕ್ಕ ಆ್ಯಪ್ ಮಾಡಿದ್ದೆವು. ವೇಳಾಪಟ್ಟಿ, ಪರೀಕ್ಷೆಯ ದಿನಾಂಕ, ಶುಲ್ಕ ಕಟ್ಟುವ ಕೊನೆಯ ದಿನ ಎಲ್ಲವೂ ಅದರಲ್ಲಿ ಬರುತ್ತಿತ್ತು. ಸೂಚನೆಗಳನ್ನು ಹಾಕುವ ಜವಾಬ್ದಾರಿ ನನ್ನದು. ಕನ್ನಡದಲ್ಲಿ ಟೈಪ್ ಮಾಡಲು ನನಗೆ ಹೊತ್ತು ಹಿಡಿಯುತ್ತದೆ. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಹಾಗಾಗಿ ನಾನು ನೋಟಿಸ್ ಬೋರ್ಡಿನ ಫೋಟೋ ತೆಗೆದು ನೇರವಾಗಿ ಆ್ಯಪ್‌ಗೆ ಹಾಕುತ್ತಿದ್ದೆ. ಎಲ್ಲರೂ ನೋಡುತ್ತಿದ್ದಾರೆ, ಎಲ್ಲರಿಗೂ ಅನುಕೂಲವಾಗಿದೆ ಎಂದು ಖುಷಿಯಲ್ಲಿದ್ದೆ.

ಕಲಾ ವಿಭಾಗದಲ್ಲಿ ಕಣ್ಣು ಕಾಣದ ಒಬ್ಬ ಗೆಳತಿ ಇದ್ದಾಳೆ. ಅವಳ ಒಪ್ಪಿಗೆ ಪಡೆದು, ಹೆಸರು ಹಾಕದೆ ಬರೆಯುತ್ತಿದ್ದೇನೆ. ಅವಳ ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಇದೆ. ಪರದೆಯ ಮೇಲೆ ಬೆರಳಾಡಿಸಿದರೆ ಅಲ್ಲಿ ಏನು ಬರೆದಿದೆಯೋ ಅದನ್ನು ಮೊಬೈಲ್ ಓದಿ ಹೇಳುತ್ತದೆ. ಆದರೆ ನಮ್ಮ ಆ್ಯಪ್ ತೆರೆದರೆ ಅವಳಿಗೆ ಕೇಳಿಸುತ್ತಿದ್ದುದು ಬರೀ ಇಮೇಜ್, ಇಮೇಜ್, ಹೆಸರಿಲ್ಲದ ಬಟನ್, ಅಷ್ಟೇ. ಶುಲ್ಕ ರಿಯಾಯಿತಿಗೆ ಅರ್ಜಿ ಹಾಕಲು ಕೊನೆಯ ದಿನ ಯಾವುದು ಎಂಬುದು ನಾನು ಹಾಕಿದ ಫೋಟೋದೊಳಗೆ ಇತ್ತು. ಆ ದಿನ ಬಂದು ಹೋಯಿತು, ಅವಳಿಗೆ ಗೊತ್ತೇ ಆಗಲಿಲ್ಲ. ನಂತರ ಪ್ರಾಂಶುಪಾಲರು ವಿಷಯ ತಿಳಿದು ಅವಳ ಅರ್ಜಿಯನ್ನು ತೆಗೆದುಕೊಂಡರು, ಅದು ಅವರ ದೊಡ್ಡತನ. ಆದರೆ ಆ ಎರಡು ದಿನ ಅವಳ ಮನೆಯಲ್ಲಿ ಅವಳ ಓದು ನಿಲ್ಲಿಸುವ ಮಾತು ನಡೆದಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಕ್ಷಮೆ ಕೇಳಲು ಹೋದಾಗ ಅವಳು ಬ್ರೈಲ್ ಪುಸ್ತಕ ಓದುತ್ತಿದ್ದಳು. ಅವಳ ಬೆರಳು ಹಾಳೆಯ ಮೇಲೆ ಎಷ್ಟು ಬೇಗ ಓಡುತ್ತಿತ್ತೆಂದರೆ ನಾನು ಬಂದ ಕೆಲಸವನ್ನೇ ಮರೆತು ನೋಡುತ್ತಾ ನಿಂತೆ. ಈ ಚುಕ್ಕಿಗಳನ್ನು ಮಾಡಿದವರು ಯಾರು ಎಂದು ಕೇಳಿದೆ. ನಮ್ಮ ವಯಸ್ಸಿಗಿಂತ ಚಿಕ್ಕವನಾಗಿದ್ದ ಒಬ್ಬ ಹುಡುಗ ಎಂದಳು. ಅಲ್ಲಿಂದ ನನ್ನ ಓದು ಶುರುವಾಯಿತು.

ಲೂಯಿ ಬ್ರೈಲ್ ಹುಟ್ಟಿದ್ದು 1809ರ ಜನವರಿ 4ರಂದು, ಫ್ರಾನ್ಸ್ ದೇಶದ ಕೂವ್ರೆ ಎಂಬ ಹಳ್ಳಿಯಲ್ಲಿ. ಅದು ಪ್ಯಾರಿಸ್ ನಗರದ ಪೂರ್ವಕ್ಕಿದೆ. ತಂದೆ ಸೀಮೋನ್ ರೆನೆ ಬ್ರೈಲ್, ತಾಯಿ ಮೋನಿಕ್. ನಾಲ್ಕು ಮಕ್ಕಳಲ್ಲಿ ಲೂಯಿಯೇ ಕೊನೆಯವನು. ತಂದೆಗೆ ಚರ್ಮದ ಕೆಲಸ. ಕುದುರೆಗಳಿಗೆ ಜೀನು, ಲಗಾಮು, ಪಟ್ಟಿ ಮಾಡಿಕೊಡುತ್ತಿದ್ದರು. ಮನೆಗೆ ಹೊಂದಿಕೊಂಡೇ ಕೆಲಸದ ಕೋಣೆ ಇತ್ತು.

ಇದನ್ನು ಓದುವಾಗ ನನಗೆ ನಮ್ಮ ಅಬ್ಬಾ ಅವರ ಅಂಗಡಿ ಕಣ್ಣ ಮುಂದೆ ಬಂತು. ಅಬ್ಬಾ ಆಟೋ ಮತ್ತು ಬೈಕುಗಳಿಗೆ ಸೀಟ್ ಕವರ್ ಹೊಲಿಯುತ್ತಾರೆ. ಅಲ್ಲಿ ಕತ್ತರಿ, ದಬ್ಬಣ, ಸುತ್ತಿಗೆ ಎಲ್ಲವೂ ಬಿದ್ದಿರುತ್ತವೆ. ನನ್ನ ತಮ್ಮ ಅಂಗಡಿಗೆ ಹೋದರೆ ಅಬ್ಬಾ ಮೊದಲು ಮಾಡುವ ಕೆಲಸ ದಬ್ಬಣವನ್ನು ಎತ್ತಿ ಮೇಲಿಡುವುದು. ಲೂಯಿಯ ತಂದೆಯೂ ಹಾಗೆಯೇ ಎಚ್ಚರಿಕೆಯಿಂದ ಇದ್ದಿರಬಹುದು. ಆದರೆ ಒಂದು ದಿನ ಆ ಎಚ್ಚರಿಕೆ ತಪ್ಪಿತು. 1812ರಲ್ಲಿ, ಮೂರು ವರ್ಷದ ಲೂಯಿ ತಂದೆಯಂತೆಯೇ ಚರ್ಮಕ್ಕೆ ತೂತು ಹಾಕಲು ಹೋದ. ಚೂಪಾದ ಸಲಕರಣೆ ಜಾರಿ ಒಂದು ಕಣ್ಣಿಗೆ ಚುಚ್ಚಿತು. ಆಗ ಇಂದಿನಂಥ ಔಷಧಿಗಳಿರಲಿಲ್ಲ. ಗಾಯ ಕೀವಾಯಿತು, ಸೋಂಕು ಇನ್ನೊಂದು ಕಣ್ಣಿಗೂ ಹರಡಿತು. ಐದು ವರ್ಷವಾಗುವಷ್ಟರಲ್ಲಿ ಎರಡೂ ಕಣ್ಣು ಪೂರ್ತಿ ಹೋದವು.

ಆ ಕಾಲದಲ್ಲಿ ಕಣ್ಣಿಲ್ಲದ ಬಡ ಮಕ್ಕಳಿಗೆ ಉಳಿಯುತ್ತಿದ್ದ ದಾರಿ ಹೆಚ್ಚಾಗಿ ಭಿಕ್ಷೆಯೇ. ಆದರೆ ಲೂಯಿಯ ಅಪ್ಪ ಅಮ್ಮ ಮಗನನ್ನು ಮೂಲೆಯಲ್ಲಿ ಕೂರಿಸಲಿಲ್ಲ. ತಂದೆ ಅವನಿಗೆ ಕೋಲು ಮಾಡಿಕೊಟ್ಟರು. ಕೋಲು ಊರಿಕೊಂಡು ಅವನು ಹಳ್ಳಿಯ ದಾರಿಗಳನ್ನೆಲ್ಲ ಕಲಿತ. ಹಲಗೆಯ ಮೇಲೆ ಅಕ್ಷರದ ಆಕಾರದಲ್ಲಿ ಮೊಳೆ ಹೊಡೆದು, ಮಗನ ಬೆರಳು ಹಿಡಿದು ತಂದೆ ಅಕ್ಷರ ಕಲಿಸಿದರು ಎಂದೂ ಹೇಳುತ್ತಾರೆ. ಊರಿನ ಪಾದ್ರಿ ಪಾಲುಯಿ ಅವರು ಅವನಿಗೆ ಪಾಠ ಹೇಳಿದರು. ಊರಿನ ಶಾಲೆಯ ಮೇಷ್ಟ್ರು ಬೆಶೆರೆ ಅವನನ್ನು ಉಳಿದ ಮಕ್ಕಳ ಜೊತೆಯಲ್ಲೇ ಕೂರಿಸಿಕೊಂಡರು. ಲೂಯಿ ಕೇಳಿಕೊಂಡೇ ಪಾಠ ಕಲಿತ, ಚೆನ್ನಾಗಿಯೇ ಕಲಿತ. ಆದರೆ ಎಲ್ಲರೂ ಪುಸ್ತಕ ತೆರೆದು ಓದಲು ಕೂತಾಗ ಅವನು ಸುಮ್ಮನೆ ಕೂರಬೇಕಾಗುತ್ತಿತ್ತು.

1819ರಲ್ಲಿ, ಹತ್ತು ವರ್ಷದವನಿದ್ದಾಗ, ಪ್ಯಾರಿಸ್‌ನ ಅಂಧ ಮಕ್ಕಳ ರಾಜ ಶಾಲೆಯಲ್ಲಿ ಅವನಿಗೆ ಜಾಗ ಸಿಕ್ಕಿತು. ಕಣ್ಣಿಲ್ಲದ ಮಕ್ಕಳಿಗೆ ಓದು ಕಲಿಸಬೇಕೆಂದು ವ್ಯಾಲೆಂಟಿನ್ ಹೌಯ್ ಎಂಬವರು 1780ರ ದಶಕದಲ್ಲಿ ಕಟ್ಟಿದ ಶಾಲೆ ಅದು. ಲೂಯಿ ಸೇರಿದಾಗ ಅದು ಒಂದು ಹಳೆಯ ಕಟ್ಟಡದಲ್ಲಿತ್ತು. ಗೋಡೆಗಳಲ್ಲಿ ಥಂಡಿ, ಕೋಣೆಗಳಲ್ಲಿ ಗಾಳಿ ಇಲ್ಲ. ಮಕ್ಕಳ ಆರೋಗ್ಯ ಕೆಡುತ್ತಿತ್ತು. ಆದರೂ ಅಲ್ಲಿ ಲೂಯಿಗೆ ಮೊದಲ ಸಲ ಬೆರಳಿನಿಂದ ಓದುವ ಪುಸ್ತಕ ಸಿಕ್ಕಿತು.

ಹೌಯ್ ಅವರ ಪುಸ್ತಕಗಳು ಹೇಗಿದ್ದವು ಎಂದರೆ, ಒದ್ದೆ ಕಾಗದವನ್ನು ದೊಡ್ಡ ಅಚ್ಚುಮೊಳೆಗಳ ಮೇಲೆ ಒತ್ತಿ, ಸಾಧಾರಣ ಅಕ್ಷರಗಳನ್ನೇ ಉಬ್ಬಿಸಿರುತ್ತಿದ್ದರು. ಒಂದೊಂದು ಅಕ್ಷರದ ಸುತ್ತ ಬೆರಳು ಸುತ್ತಿಸಿ ಇದು ಯಾವುದು ಎಂದು ಊಹಿಸಬೇಕು. ವಾಕ್ಯ ಮುಗಿಯುವ ಹೊತ್ತಿಗೆ ಅದರ ಆರಂಭ ಮರೆತಿರುತ್ತಿತ್ತು. ಪುಸ್ತಕಗಳು ಭಾರ, ದುಬಾರಿ, ಹಾಗಾಗಿ ಇದ್ದದ್ದೇ ಕೆಲವು. ಇನ್ನೂ ದೊಡ್ಡ ಕೊರತೆ ಎಂದರೆ ಆ ರೀತಿಯಲ್ಲಿ ಮಕ್ಕಳು ತಾವೇ ಏನನ್ನೂ ಬರೆಯಲು ಆಗುತ್ತಿರಲಿಲ್ಲ.

ಹೌಯ್ ಅವರು ಒಳ್ಳೆಯ ಮನುಷ್ಯರು. ಅವರಿಲ್ಲದಿದ್ದರೆ ಆ ಶಾಲೆಯೇ ಇರುತ್ತಿರಲಿಲ್ಲ. ಆದರೆ ಅವರು ಕಣ್ಣಿಗೆ ಚೆನ್ನಾಗಿ ಕಾಣುವ ಅಕ್ಷರವನ್ನು ತೆಗೆದುಕೊಂಡು ಬೆರಳಿಗೆ ಕೊಟ್ಟರು. ಇದನ್ನು ಓದಿದಾಗ ನನ್ನ ಫೋಟೋಗಳು ನೆನಪಾದವು. ನಾನೂ ನನಗೆ ಸುಲಭವಾದದ್ದು ಎಲ್ಲರಿಗೂ ಸುಲಭ ಎಂದುಕೊಂಡಿದ್ದೆ.

1821ರಲ್ಲಿ ಆ ಶಾಲೆಗೆ ಒಂದು ಹೊಸ ವಿಷಯ ಬಂತು. ಸೈನ್ಯದಲ್ಲಿದ್ದ ಶಾರ್ಲ್ ಬಾರ್ಬಿಯೆ ಎಂಬವರು ಉಬ್ಬು ಚುಕ್ಕಿಗಳಿಂದ ಬರೆಯುವ ಒಂದು ವಿಧಾನವನ್ನು ಮಾಡಿದ್ದರು. ಕತ್ತಲಲ್ಲೂ ಮುಟ್ಟಿ ಓದಬಹುದು ಎಂಬ ಕಾರಣಕ್ಕೆ ಅದಕ್ಕೆ ರಾತ್ರಿ ಬರಹ ಎಂಬ ಹೆಸರು ಬಂದಿತ್ತು. ಗೆರೆಗಿಂತ ಚುಕ್ಕಿ ಬೆರಳಿಗೆ ಬೇಗ ಗೊತ್ತಾಗುತ್ತದೆ ಎಂಬುದು ಲೂಯಿಗೆ ತಕ್ಷಣ ಅರ್ಥವಾಯಿತು. ಅದರ ಜೊತೆಗೇ ಅದರ ತೊಂದರೆಗಳೂ ಅರ್ಥವಾದವು. ಬಾರ್ಬಿಯೆ ಅವರ ಪದ್ಧತಿಯಲ್ಲಿ ಒಂದು ಗುರುತಿಗೆ ಹನ್ನೆರಡು ಚುಕ್ಕಿಗಳವರೆಗೆ ಬೇಕಿತ್ತು, ಎರಡು ಸಾಲಿನಲ್ಲಿ ಆರಾರು. ಅಷ್ಟು ಎತ್ತರದ ಗುರುತು ಒಂದು ಬೆರಳ ತುದಿಯಲ್ಲಿ ಹಿಡಿಸುವುದಿಲ್ಲ. ಬೆರಳನ್ನು ಮೇಲೆ ಕೆಳಗೆ ಆಡಿಸಬೇಕು. ಅಲ್ಲದೆ ಅದು ಉಚ್ಚಾರಣೆಯನ್ನು ಮಾತ್ರ ಬರೆಯುತ್ತಿತ್ತು. ಕಾಗುಣಿತವಿಲ್ಲ, ಅಲ್ಪವಿರಾಮ ಪೂರ್ಣವಿರಾಮಗಳಿಲ್ಲ. ಅಂಥ ಬರಹದಿಂದ ಸಂದೇಶ ಕಳಿಸಬಹುದು, ಆದರೆ ಓದಿ ವಿದ್ಯಾವಂತರಾಗಲು ಆಗುವುದಿಲ್ಲ.

ಆಗ ಲೂಯಿಗೆ ಹನ್ನೆರಡು ವರ್ಷ. ಅವನು ರಾತ್ರಿ ಎಲ್ಲರೂ ಮಲಗಿದ ಮೇಲೆ, ರಜೆಯಲ್ಲಿ ಊರಿಗೆ ಹೋದಾಗ, ಬಿಡುವು ಸಿಕ್ಕಾಗಲೆಲ್ಲ ಕಾಗದದ ಮೇಲೆ ಚುಕ್ಕಿ ಚುಚ್ಚುತ್ತಾ ಕೂತ. ಚುಚ್ಚಲು ಬಳಸಿದ್ದು ಒಂದು ಚೂಪು ಕಡ್ಡಿ. ಅದು ಅವನ ಕಣ್ಣು ತೆಗೆದ ಸಲಕರಣೆಯ ತಮ್ಮನಂತೆಯೇ ಇತ್ತು. 1824ರ ಹೊತ್ತಿಗೆ, ಹದಿನೈದನೆಯ ವಯಸ್ಸಿನಲ್ಲಿ, ಅವನ ಪದ್ಧತಿಯ ಮುಖ್ಯ ಭಾಗ ಸಿದ್ಧವಾಗಿತ್ತು. ನಾವು ಆ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿರುತ್ತೇವೆ!

ಅವನು ಮಾಡಿದ್ದು ಇಷ್ಟು. ಹನ್ನೆರಡನ್ನು ಆರಕ್ಕೆ ಇಳಿಸಿದ. ಎರಡು ಸಾಲು, ಒಂದೊಂದರಲ್ಲಿ ಮೂರು ಚುಕ್ಕಿ. ಈಗ ಪೂರ್ತಿ ಗುರುತು ಒಂದೇ ಬೆರಳ ತುದಿಯ ಕೆಳಗೆ ಕೂರುತ್ತದೆ. ಬೆರಳು ನಿಲ್ಲದೆ ಮುಂದೆ ಸಾಗಬಹುದು. ಆರು ಜಾಗಗಳಲ್ಲಿ ಒಂದೊಂದರಲ್ಲೂ ಚುಕ್ಕಿ ಇರಬಹುದು ಅಥವಾ ಇಲ್ಲದಿರಬಹುದು. ಲೆಕ್ಕ ಹಾಕಿದರೆ ಎರಡನ್ನು ಆರು ಸಲ ಗುಣಿಸಬೇಕು, ಒಟ್ಟು 64. ಖಾಲಿ ಜಾಗ ಒಂದನ್ನು ಬಿಟ್ಟರೆ 63 ಗುರುತುಗಳು. ಅಕ್ಷರ, ಸ್ವರಚಿಹ್ನೆ, ವಿರಾಮ ಚಿಹ್ನೆ, ಅಂಕಿ ಎಲ್ಲದಕ್ಕೂ ಅಷ್ಟು ಸಾಕು.

ಅದರ ಕ್ರಮವೂ ನೆನಪಿಡಲು ಸುಲಭ. ಮೊದಲ ಹತ್ತು ಅಕ್ಷರಗಳಿಗೆ ಮೇಲಿನ ನಾಲ್ಕು ಚುಕ್ಕಿಗಳನ್ನು ಮಾತ್ರ ಬಳಸಿದ. ಮುಂದಿನ ಹತ್ತಕ್ಕೆ ಅವೇ ಗುರುತುಗಳು, ಎಡಗಡೆ ಕೆಳಗೆ ಒಂದು ಚುಕ್ಕಿ ಹೆಚ್ಚು. ಅದರ ಮುಂದಿನವಕ್ಕೆ ಕೆಳಗಿನ ಎರಡೂ ಚುಕ್ಕಿ ಹೆಚ್ಚು. ಹತ್ತನ್ನು ಕಲಿತರೆ ಉಳಿದದ್ದು ತಾನಾಗಿ ಬರುತ್ತದೆ. ನನ್ನ ಗೆಳತಿ ನನಗೆ ಅರ್ಧ ಗಂಟೆಯಲ್ಲಿ ಹತ್ತು ಅಕ್ಷರ ಹೇಳಿಕೊಟ್ಟಳು. ಕಣ್ಣಿಂದ ಬೇಗ ಗುರುತಿಸಿದೆ. ಕಣ್ಣು ಮುಚ್ಚಿ ಬೆರಳಿಂದ ಗುರುತಿಸು ಎಂದಾಗ ಒಂದೂ ಬರಲಿಲ್ಲ. ಅವಳು ಚೆನ್ನಾಗಿ ನಕ್ಕಳು.

ಬಾರ್ಬಿಯೆ ಅವರಿಗಿಂತ ಹನ್ನೆರಡು ವರ್ಷದ ಹುಡುಗನಿಗೆ ಹೆಚ್ಚು ಗೊತ್ತಿತ್ತೇ? ವಿದ್ಯೆಯಲ್ಲಿ ಇರಲಾರದು. ಆದರೆ ಓದಬೇಕಾದವನು ಅವನೇ ಆಗಿದ್ದ. ಬೆರಳು ಅವನದೇ, ಕಷ್ಟವೂ ಅವನದೇ. ಅದಕ್ಕೇ ಯಾವ ಚುಕ್ಕಿ ಹೆಚ್ಚಾಯಿತು ಎಂಬುದು ಅವನಿಗೆ ತಿಳಿಯಿತು. ಹಾಗೆಂದು ಅವನು ಬಾರ್ಬಿಯೆ ಅವರ ಋಣವನ್ನು ಮರೆಯಲಿಲ್ಲ. ತನ್ನ ಪುಸ್ತಕದಲ್ಲಿ ಅವರನ್ನು ಗೌರವದಿಂದ ನೆನೆದಿದ್ದಾನೆ.

ಆ ಪುಸ್ತಕ ಬಂದದ್ದು 1829ರಲ್ಲಿ. ಅಕ್ಷರಗಳನ್ನೂ ಸಂಗೀತವನ್ನೂ ಚುಕ್ಕಿಗಳಲ್ಲಿ ಬರೆಯುವ ವಿಧಾನ ಅದರಲ್ಲಿತ್ತು. ಮೊದಲ ಆವೃತ್ತಿಯಲ್ಲಿ ಚುಕ್ಕಿಗಳ ಜೊತೆ ಚಿಕ್ಕ ಗೆರೆಗಳೂ ಇದ್ದವು. ಬಳಸುವವರ ಬೆರಳಿಗೆ ಗೆರೆ ತೊಡಕಾಯಿತು. 1837ರ ಆವೃತ್ತಿಯಲ್ಲಿ ಗೆರೆಗಳನ್ನು ತೆಗೆದುಹಾಕಿದರು. ತಾವು ಮಾಡಿದ್ದನ್ನು ತಾವೇ ತಿದ್ದಲು ಅವರಿಗೆ ಸಂಕೋಚವಾಗಲಿಲ್ಲ.

ಈಗ ಅವರನ್ನು ಬಹುವಚನದಲ್ಲೇ ಕರೆಯಬೇಕು, ಏಕೆಂದರೆ ಅಷ್ಟರಲ್ಲಿ ಅವರು ಅದೇ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. 1833ರಲ್ಲಿ ಪೂರ್ಣ ಶಿಕ್ಷಕರಾದರು. ಆರ್ಗನ್ ಎಂಬ ವಾದ್ಯವನ್ನು ಚೆನ್ನಾಗಿ ನುಡಿಸುತ್ತಿದ್ದರು, ಪ್ಯಾರಿಸ್‌ನ ಚರ್ಚಿನಲ್ಲಿ ವಾದಕರೂ ಆಗಿದ್ದರು. 1839ರಲ್ಲಿ ಇನ್ನೊಂದು ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ಕಣ್ಣಿಲ್ಲದವರು ಚುಕ್ಕಿಗಳಿಂದಲೇ ಸಾಧಾರಣ ಅಕ್ಷರಗಳ ಆಕಾರವನ್ನು ಬರೆಯಬಹುದಿತ್ತು. ಅದನ್ನು ಕಣ್ಣಿರುವ ಅಪ್ಪ ಅಮ್ಮ ಓದಬಹುದು. ಅಂದರೆ ಹಾಸ್ಟೆಲಿನ ಮಗು ತನ್ನ ಮನೆಗೆ ತಾನೇ ಪತ್ರ ಬರೆಯಬಹುದು! ಆ ಬರಹ ಬೇಗ ಆಗಲೆಂದು ಅವರ ಗೆಳೆಯ ಫೂಕೊ ಒಂದು ಯಂತ್ರವನ್ನೂ ಮಾಡಿದರು. ಫೂಕೊ ಅವರಿಗೂ ಕಣ್ಣು ಕಾಣುತ್ತಿರಲಿಲ್ಲ.

ಇಷ್ಟೆಲ್ಲ ಆದರೂ ಶಾಲೆ ಅವರ ಚುಕ್ಕಿಗಳನ್ನು ಒಪ್ಪಿಕೊಂಡಿರಲಿಲ್ಲ. ಮುಖ್ಯಸ್ಥರಾಗಿದ್ದ ಪಿನ್ಯೆ ಅವರು ಪ್ರೋತ್ಸಾಹ ಕೊಟ್ಟಿದ್ದರು. 1840ರಲ್ಲಿ ಅವರು ಹುದ್ದೆ ಕಳೆದುಕೊಂಡು ದ್ಯುಫೊ ಎಂಬವರು ಬಂದರು. ಕಣ್ಣಿರುವವರೂ ಕಣ್ಣಿಲ್ಲದವರೂ ಬೇರೆ ಬೇರೆ ಲಿಪಿ ಬಳಸಿದರೆ ಇಬ್ಬರೂ ದೂರವಾಗುತ್ತಾರೆ ಎಂಬ ವಾದ ಆಗ ಇತ್ತು. ದ್ಯುಫೊ ಹೊರದೇಶದ ಉಬ್ಬಕ್ಷರವನ್ನು ತಂದರು, ಹಳೆಯ ಪುಸ್ತಕಗಳನ್ನೂ ಕೈಯಲ್ಲಿ ಚುಚ್ಚಿ ಬರೆದ ಚುಕ್ಕಿ ಪುಸ್ತಕಗಳನ್ನೂ ಸುಡಿಸಿದರು. ಆದರೆ ಮಕ್ಕಳು ಬಿಡಲಿಲ್ಲ. ಕದ್ದು ಮುಚ್ಚಿ ಚುಕ್ಕಿಗಳಲ್ಲೇ ಬರೆದರು, ಚಿಕ್ಕವರಿಗೆ ದೊಡ್ಡವರು ಕಲಿಸಿದರು. ಒಮ್ಮೆ ತಾನೇ ಬರೆದು ತಾನೇ ಓದಿದ ಮಗು ಅದನ್ನು ಹೇಗೆ ಬಿಟ್ಟೀತು?

ದ್ಯುಫೊ ಅವರ ಸಹಾಯಕ ಗ್ವಾದೆ ಇದನ್ನು ಗಮನಿಸಿದರು, ಮಕ್ಕಳ ಪರ ನಿಂತರು. 1844ರಲ್ಲಿ ಶಾಲೆಯ ಹೊಸ ಕಟ್ಟಡದ ಉದ್ಘಾಟನೆ ನಡೆಯಿತು. ಅಂದು ಬಂದ ಅತಿಥಿಗಳ ಮುಂದೆ ಚುಕ್ಕಿ ಲಿಪಿಯಲ್ಲಿ ಬರೆದು, ಓದಿ ತೋರಿಸಿದರು. ದ್ಯುಫೊ ಕೂಡ ಮನಸ್ಸು ಬದಲಿಸಿಕೊಂಡಿದ್ದರು. ತಪ್ಪು ಮಾಡಿದವರೂ ತಿದ್ದಿಕೊಳ್ಳಬಹುದು ಎಂಬುದು ನನಗೆ ಇಲ್ಲಿ ಸಮಾಧಾನ ಕೊಟ್ಟಿತು.

ಆದರೆ ಬ್ರೈಲ್ ಅವರಿಗೆ ಹೆಚ್ಚು ಕಾಲ ಇರಲಿಲ್ಲ. ಇಪ್ಪತ್ತಾರರ ಸುಮಾರಿಗೇ ಅವರಿಗೆ ಕ್ಷಯರೋಗ ಹಿಡಿದಿತ್ತು. ಕೆಮ್ಮು, ರಕ್ತ, ವಿಶ್ರಾಂತಿಗೆ ಊರಿಗೆ ಹೋಗುವುದು, ಸ್ವಲ್ಪ ಹುಷಾರಾದರೆ ಮತ್ತೆ ತರಗತಿಗೆ ಬರುವುದು, ಹೀಗೇ ವರ್ಷಗಳು ಕಳೆದವು. 1852ರ ಜನವರಿ 6ರಂದು ತೀರಿಕೊಂಡರು. 43 ತುಂಬಿ ಎರಡೇ ದಿನ ಆಗಿತ್ತು. ಶಾಲೆ ಅವರ ಲಿಪಿಯನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1854ರಲ್ಲಿ, ಅವರು ಹೋಗಿ ಎರಡು ವರ್ಷವಾದ ಮೇಲೆ. 1878ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವೂ ಬ್ರೈಲ್ ಲಿಪಿಯ ಪರ ನಿಂತಿತು. 1952ರಲ್ಲಿ ಅವರ ದೇಹದ ಅವಶೇಷಗಳನ್ನು ಫ್ರಾನ್ಸ್ ದೇಶದ ಮಹನೀಯರಿಗೆ ಮೀಸಲಾದ ಪಾಂಥಿಯೋನ್‌ಗೆ ಒಯ್ದರು. ಆದರೆ ಅವರ ಕೈಗಳನ್ನು ಮಾತ್ರ ಕೂವ್ರೆ ಹಳ್ಳಿಯವರು ತಮ್ಮಲ್ಲೇ ಉಳಿಸಿಕೊಂಡರು.

ನಮ್ಮ ದೇಶದಲ್ಲಿ ಮೊದಲು ಬೇರೆ ಬೇರೆ ಬ್ರೈಲ್ ಪದ್ಧತಿಗಳಿದ್ದವು. 1951ರಲ್ಲಿ ಎಲ್ಲ ಭಾಷೆಗಳಿಗೂ ಹೊಂದುವ ಭಾರತಿ ಬ್ರೈಲ್ ಬಂತು. ಕನ್ನಡದ ಬ್ರೈಲ್ ಇದರದೇ ಭಾಗ. ಇದರಲ್ಲಿ ನನಗೆ ತುಂಬ ಇಷ್ಟವಾದ ಒಂದು ಸಂಗತಿ ಇದೆ. ಕನ್ನಡದ ಕ, ಉರ್ದುವಿನ ಕಾಫ್, ಇಂಗ್ಲಿಷಿನ ಕೆ, ಮೂರಕ್ಕೂ ಬ್ರೈಲ್‌ನಲ್ಲಿ ಒಂದೇ ಗುರುತು. ಉರ್ದುವನ್ನು ನಾವು ಬಲದಿಂದ ಎಡಕ್ಕೆ ಬರೆಯುತ್ತೇವೆ, ಆದರೆ ಉರ್ದು ಬ್ರೈಲನ್ನು ಕನ್ನಡದಂತೆ ಎಡದಿಂದ ಬಲಕ್ಕೆ ಓದುತ್ತಾರೆ. ಮನೆಯಲ್ಲಿ ಒಂದು ಲಿಪಿ, ಕಾಲೇಜಿನಲ್ಲಿ ಎರಡು ಲಿಪಿ ಎಂದು ಒದ್ದಾಡುವ ನನ್ನಂಥವರಿಗೆ ಇದು ಅಸೂಯೆ ಹುಟ್ಟಿಸುವ ವಿಷಯ!

ಅವರು ಹುಟ್ಟಿ 200 ವರ್ಷವಾದಾಗ, 2009ರಲ್ಲಿ, ಭಾರತ ಸರ್ಕಾರ ಅವರ ನೆನಪಿಗೆ 2 ರೂಪಾಯಿ ನಾಣ್ಯ ತಂದಿತು. ಅಬ್ಬಾ ಅವರ ಗಲ್ಲಾಪೆಟ್ಟಿಗೆಯಲ್ಲಿ ಹುಡುಕಿದೆ, ಸಿಗಲಿಲ್ಲ. ನಿಮ್ಮ ಬಳಿ ಇದ್ದರೆ ತೋರಿಸಿ. ಈಗಿನ 100 ಮತ್ತು 500 ರೂಪಾಯಿ ನೋಟುಗಳ ಅಂಚಿನಲ್ಲೂ ಬೆರಳಿಗೆ ಸಿಗುವ ಉಬ್ಬು ಗೆರೆಗಳಿವೆ. ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ನೋಟನ್ನು ಗುರುತಿಸಿ ಹೇಳುವ ಮಣಿ ಎಂಬ ಆ್ಯಪನ್ನು ರಿಸರ್ವ್ ಬ್ಯಾಂಕ್ 2020ರಲ್ಲಿ ಬಿಟ್ಟಿದೆ. ವಾಣಿಜ್ಯ ಓದುವ ನಮಗೆ ಇವು ಗೊತ್ತಿರಬೇಕು. ತನ್ನ ಕೈಯಲ್ಲಿರುವ ದುಡ್ಡು ಎಷ್ಟು ಎಂದು ಬೇರೆಯವರನ್ನು ಕೇಳಬೇಕಾದವರು ವ್ಯಾಪಾರ ಹೇಗೆ ಮಾಡುತ್ತಾರೆ?

ಲೂಯಿಯ ಆರು ಚುಕ್ಕಿಗಳು ಈಗ ಮೊಬೈಲ್ ಒಳಗೂ ಬಂದಿವೆ. ಟಾಕ್‌ಬ್ಯಾಕ್‌ನಲ್ಲಿ ಬ್ರೈಲ್ ಕೀಬೋರ್ಡ್ ಇದೆ. ಮೊಬೈಲನ್ನು ಅಡ್ಡ ಹಿಡಿದು ಆರು ಬೆರಳನ್ನು ಪರದೆಯ ಮೇಲಿಟ್ಟರೆ ಅವೇ ಆರು ಚುಕ್ಕಿಗಳಾಗುತ್ತವೆ. ನನ್ನ ಗೆಳತಿ ಅದರಲ್ಲಿ ಬರೆಯುವ ವೇಗಕ್ಕೆ ನನ್ನ ಕನ್ನಡ ಟೈಪಿಂಗ್ ಸಾಟಿಯೇ ಅಲ್ಲ.

ನಾವೂ ನಮ್ಮ ಆ್ಯಪನ್ನು ತಿದ್ದಿದೆವು. ಈಗ ಪ್ರತಿ ಸೂಚನೆಯನ್ನೂ ನಾನು ಅಕ್ಷರದಲ್ಲೇ ಟೈಪ್ ಮಾಡುತ್ತೇನೆ. ಫೋಟೋ ಹಾಕಲೇಬೇಕಾದರೆ ಅದರಲ್ಲಿ ಏನಿದೆ ಎಂದು ಜೊತೆಗೆ ಬರೆಯುತ್ತೇನೆ. ಪ್ರತಿ ಬಟನ್‌ಗೂ ಹೆಸರು ಕೊಟ್ಟಿದ್ದೇವೆ. ಕೊನೆಯ ದಿನವನ್ನು ಕೆಂಪು ಬಣ್ಣದಲ್ಲಿ ತೋರಿಸಿ ಬಿಡುತ್ತಿದ್ದೆವು, ಈಗ ಕೊನೆಯ ದಿನ ಎಂಬ ಪದವನ್ನೂ ಬರೆಯುತ್ತೇವೆ, ಏಕೆಂದರೆ ಕೆಂಪು ಹಸಿರು ವ್ಯತ್ಯಾಸ ಕಾಣದವರೂ ಇರುತ್ತಾರೆ. ತಿಳಿ ಬೂದು ಅಕ್ಷರಗಳನ್ನು ಕಪ್ಪು ಮಾಡಿದ್ದೇವೆ. ಇದನ್ನು ನೋಡಿ ಕಚೇರಿಯ ಹಿರಿಯರೊಬ್ಬರು ತಮಗೂ ಈಗ ಕನ್ನಡಕವಿಲ್ಲದೆ ಓದಲು ಬರುತ್ತದೆ ಎಂದು ಖುಷಿಪಟ್ಟರು.

ಎಲ್ಲಕ್ಕಿಂತ ಮುಖ್ಯವಾಗಿ, ಏನೇ ಹೊಸದು ಮಾಡಿದರೂ ಮೊದಲು ಗೆಳತಿಯ ಕೈಗೆ ಕೊಡುತ್ತೇವೆ. ನಾವು ಎಲ್ಲ ಸರಿಯಾಯಿತು ಎಂದುಕೊಂಡ ದಿನವೇ ಅವಳು ಇನ್ನೆರಡು ತಪ್ಪು ಹಿಡಿದಳು. ಅವಳೀಗ ನಮ್ಮ ತಂಡದ ಐದನೆಯವಳು. ಶುಲ್ಕ ಕಟ್ಟುವ ಪುಟ ಮಾತ್ರ ಹೊರಗಿನವರದು, ಅಲ್ಲಿ ಒಂದು ಬಟನ್ ಈಗಲೂ ಮಾತಾಡುವುದಿಲ್ಲ. ಅವರಿಗೆ ಪತ್ರ ಬರೆದಿದ್ದೇವೆ, ಉತ್ತರ ಬಂದಿಲ್ಲ. ಮತ್ತೆ ಬರೆಯುತ್ತೇವೆ.

ಹಜರತ್ ಅಬ್ದುಲ್ಲಾ ಇಬ್ನ್ ಉಮ್ಮೆ ಮಕ್ತೂಮ್ ಅವರ ಕಥೆಯನ್ನು ಚಿಕ್ಕಂದಿನಲ್ಲಿ ನಾನಿ ನನಗೆ ಹೇಳುತ್ತಿದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ, ಆದರೂ ಮದೀನಾದಲ್ಲಿ ಅಜಾನ್ ಕೊಡುವ ಗೌರವ ಅವರಿಗಿತ್ತು. ಆ ಕಥೆಯನ್ನು ಎಷ್ಟೋ ಸಲ ಕೇಳಿದ್ದೆ. ಆದರೆ ಕಲಾ ವಿಭಾಗದ ಮೂರನೆಯ ಬೆಂಚಿನಲ್ಲಿ ಕೂತವಳನ್ನು ನೋಡಿರಲಿಲ್ಲ.

ಜನವರಿ 4 ವಿಶ್ವ ಬ್ರೈಲ್ ದಿನ. ಆ ದಿನ ಭಾಷಣ ಏರ್ಪಡಿಸುವ ಬದಲು ಒಂದು ಕೆಲಸ ಮಾಡೋಣ ಎಂದು ನನ್ನ ಕೋರಿಕೆ. ನಿಮ್ಮ ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಹಾಕಿ, ಕಣ್ಣು ಮುಚ್ಚಿ, ನಮ್ಮ ಆ್ಯಪಿನಲ್ಲಿ ಮರುದಿನದ ವೇಳಾಪಟ್ಟಿ ಹುಡುಕಿ. ಎಲ್ಲಿ ಸಿಕ್ಕಿಕೊಂಡಿರಿ ಎಂದು ನನಗೆ ಬಂದು ಹೇಳಿ. ಬೈದರೂ ಪರವಾಗಿಲ್ಲ, ಬರೆದುಕೊಂಡು ತಿದ್ದುತ್ತೇನೆ.